ಬೆನ್ನು ತಿರುಗಿಸಿ ಕೇಳುತ್ತಿದ್ದವರು

ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ನೆನಪು. ನರ್ಸಿನ ಕಡುನೀಲಿ ಸಮವಸ್ತ್ರ, ಹೊಲಿಗೆ ಬಿಟ್ಟ ಪಕ್ಕೆಗೆ ಕಪ್ಪು ದಾರದಲ್ಲಿ ತಾವೇ ಹಾಕಿಕೊಂಡ ಹೊಲಿಗೆ, ಪೆನ್ಸಿಲ್ ಚುಚ್ಚಿ ನಿಲ್ಲಿಸಿದ ನರೆತ ತುರುಬು. ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ನಾನೂ ಮಗಳೂ ಕೂತ ಕೂಡಲೇ ಅವರು ಎದ್ದು ಮೂಲೆಯ ಸಿಂಕಿನ ಕಡೆ ತಿರುಗಿ, ನಲ್ಲಿ ಬಿಟ್ಟು ಕೈ ತೊಳೆಯಲು ಶುರು ಮಾಡುವರು. ಪ್ರಶ್ನೆಗಳು ಆಮೇಲೆ, ಗೋಡೆಯನ್ನು ಕೇಳಿದ ಹಾಗೆ.

ನನ್ನ ಮಗಳಿಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ಅಂದರು. ಪ್ರೈಮರಿ ಶಾಲೆ ಮುಗಿಸುವ ಹೊತ್ತಿಗೆ ಶುರುವಾದದ್ದು. ಅದು ಏರಿದೆಯೋ ಇಳಿದಿದೆಯೋ ತಿಳಿಯಲು ಪ್ರತಿ ಸಲವೂ ಮಗುವಿಗೆ ಕೊಳವೆ ಹಾಕಿ ನೋಡಲು ಆಗುವುದಿಲ್ಲವಲ್ಲ, ಅದಕ್ಕೇ ಆರು ಪ್ರಶ್ನೆ ಕೇಳಿ ಅಂಕ ಹಾಕುತ್ತಾರೆ. ಹೊಟ್ಟೆನೋವಿದೆಯಾ, ರಕ್ತ ಹೋಗುತ್ತಾ, ಗಟ್ಟಿಯೋ ನೀರೋ, ದಿನಕ್ಕೆ ಎಷ್ಟು ಸಲ, ನಿದ್ದೆಯಿಂದ ಎದ್ದು ಹೋಗಬೇಕಾಗುತ್ತಾ, ಆಟಪಾಠಕ್ಕೆ ತೊಂದರೆಯಾ. ಅಂಕ ಏರಿದರೆ ಕಾಯಿಲೆ ಏರಿದೆ ಎಂದರ್ಥ. ಆದರೆ ನಮ್ಮ ಮನೆಯ ಮಗು ದೊಡ್ಡವರ ಮುಂದೆ ಇಂಥ ಮಾತು ಬಾಯಿಬಿಟ್ಟು ಆಡೀತೇ? ಎಲ್ಲದಕ್ಕೂ "ಫೈನ್."

"ಫೈನ್ ಅನ್ನೋದನ್ನ ಎಲ್ಲಿ ಬರೆಯಲಿ ಪುಟ್ಟಿ? ಇಲ್ಲಿ ಅದಕ್ಕೆ ಜಾಗವೇ ಇಲ್ಲ" ಎನ್ನುತ್ತಿದ್ದರು ನರ್ಸಮ್ಮ. ಮನೆಯಲ್ಲಿ ನಾವು ಅವರನ್ನು ಕರೆಯುತ್ತಿದ್ದದ್ದು ಹಾಗೆ. ಐರ್ಲೆಂಡಿನ ಹಳ್ಳಿಯವರು, ದನ ಸಾಕುವವರ ಮಗಳು. "ನಮ್ಮಪ್ಪ ಸಗಣಿ ನೋಡಿಯೇ ಯಾವ ಹಸುವಿಗೆ ಮೈ ಸರಿಯಿಲ್ಲ ಅಂತ ಹೇಳ್ತಿದ್ದ. ಇದರಲ್ಲಿ ನಾಚಿಕೆ ಎಂಥದು?" ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದರು, "ಮುಖ ನೋಡಿದರೆ ಮಕ್ಕಳು ಮುಚ್ಚಿಡ್ತಾರೆ. ಬೆನ್ನಿಗೆ ಹೇಳ್ತಾರೆ."

ಒಂದು ವರ್ಷ ಅಕ್ಸ್‌ಬ್ರಿಡ್ಜ್‌ನ ಸಭಾಂಗಣದಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮಕ್ಕಳ ನೃತ್ಯವಿತ್ತು. ಗ್ರೀನ್‌ಫರ್ಡ್‌ನ ನಮ್ಮ ಫ್ಲ್ಯಾಟಿನಲ್ಲಿ ಅದರದ್ದೇ ಗುಲ್ಲು. ನಮ್ಮ ದೇಶದ ಅಂಗಡಿಗಳಿರುವ ಸೌತ್‌ಹಾಲಿಗೆ ಹೋಗಿ ಹಳದಿ ಲಂಗಕ್ಕೆ ಬಟ್ಟೆ ತಂದಿದ್ದೆ. ಕಾರ್ಯಕ್ರಮದ ವಾರವೇ ಆಸ್ಪತ್ರೆಗೆ ಹೋಗುವ ದಿನವೂ ಬಂತು. ಆರೂ ಪ್ರಶ್ನೆಗೆ ಮಗಳು ಏನೂ ತೊಂದರೆಯಿಲ್ಲ ಎಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. "ಡಾನ್ಸಿನಲ್ಲಿ ಎಲ್ಲಿ ನಿಲ್ತೀಯ?"

"ಹಿಂದೆ. ಬಾಗಿಲ ಹತ್ತಿರ."

"ಹೋದ ಸಲ ಮುಂದಿನ ಸಾಲು ಅಂದಿದ್ದೆ."

"ನಾನೇ ಕೇಳಿ ಬದಲಾಯಿಸ್ಕೊಂಡೆ."

ಅವರು ತಿರುಗಲಿಲ್ಲ. ಇನ್ನಷ್ಟು ಸೋಪು ಹಾಕಿಕೊಂಡರು. "ಬಾಗಿಲು ಯಾಕೆ ಬೇಕಾಯ್ತು, ಚಿನ್ನ?"

ಆಗ ಬಂತು. ತಡವರಿಸುತ್ತ, ಇಂಗ್ಲಿಷಿನಲ್ಲಿ, ಆ ಬೆನ್ನಿಗೆ. ವಾರಗಳಿಂದ ರಕ್ತ ಹೋಗುತ್ತಿತ್ತು. ಓಡಬೇಕಾಗಿ ಬಂದರೆ ಅಂತ ಬಾಗಿಲು. ಹಳದಿ ಬಟ್ಟೆಯ ಮೇಲೆ ಕಲೆ ಕಂಡೀತೆಂಬ ಭಯ. "ಅಜ್ಜಿಗೆ ಹೇಳ್ಬೇಡಿ. ನನಗೆ ಜಾಸ್ತಿಯಾದ್ರೆ ಅಜ್ಜಿ ಊಟ ಬಿಡ್ತಾರೆ. ಅವರಿಗೆ ಶುಗರ್ ಇದೆ."

ನಿಜ. ಮೊಮ್ಮಗಳ ಕಾಯಿಲೆ ಏರಿತೆಂದರೆ ನಮ್ಮತ್ತೆ ಊರ ದೇವರಿಗೆ ಹೇಳಿಕೊಂಡು ಒಪ್ಪತ್ತು ಹಿಡಿಯುತ್ತಿದ್ದರು, ಅದು ಇಳಿಯುವವರೆಗೆ. ಕುಂದಾಪುರದಿಂದ ಬಂದ ನಮಗೆ ಅದೊಂದು ವಿಶೇಷವೇ ಅಲ್ಲ. ಆದರೆ ಅಜ್ಜಿಯ ತಟ್ಟೆ ಬರಿದಾಗದಿರಲೆಂದು ಆ ಹುಡುಗಿ ತನ್ನ ನೋವನ್ನೇ ನುಂಗಿಕೊಂಡಿದ್ದಳು.

ಅವತ್ತೇ ಅಡ್ಮಿಟ್ ಮಾಡಿಕೊಂಡರು. ನೃತ್ಯ ತಪ್ಪಿತು. ಇನ್ನೂ ತಡವಾಗಿದ್ದರೆ ಕರುಳನ್ನೇ ತೆಗೆಯಬೇಕಾಗುತ್ತಿತ್ತೇನೋ ಎಂದರು ಡಾಕ್ಟರು.

ನರ್ಸಮ್ಮ ಅತ್ತೆಯನ್ನು ವಾರ್ಡಿಗೆ ಕರೆಸಿಕೊಂಡರು. ನಾನು ನಡುವೆ ನಿಂತು ಮಾತು ದಾಟಿಸಿದೆ. ಅತ್ತೆ ಒಪ್ಪಲಿಲ್ಲ. "ದೇವ್ರಿಗ್ ಹೇಳ್ಕಂಡದ್ದ್ ಬಿಡುಕ್ ಆತ್ತಾ?"

"ಬಿಡಬೇಡಿ, ಬದಲಾಯಿಸಿ. ಮಗು ನಿಜ ಹೇಳಿದ ದಿನ ನೀವು ಹೊಟ್ಟೆ ತುಂಬ ಉಣ್ಣಬೇಕು. ನಿಮ್ಮ ದೇವರು ಬೇಡ ಅಂತಾನಾ?"

ಅತ್ತೆ ನನ್ನ ಕಡೆ ತಿರುಗಿ, "ಈ ಹೆಂಗ್ಸ್ ನಮ್ಮ್ ಭಟ್ರಿಗಿಂತ ಹುಷಾರ್ ಇತ್ತ್ ಮಾರಾಯ್ತಿ" ಎಂದರು. ಒಪ್ಪತ್ತು ಅಲ್ಲಿಗೆ ನಿಂತಿತು, ಹರಕೆ ಬದಲಾಯಿತು.

ಆಮೇಲೂ ಕಾಯಿಲೆ ಏರಿದ್ದುಂಟು, ಇಳಿದದ್ದುಂಟು. ಅದು ಪೂರ್ತಿ ಹೋಗುವ ಜಾತಿಯದಲ್ಲ. ಆದರೆ ಮುಚ್ಚಿಡುವುದು ನಿಂತಿತು. ನಾನೂ ಅಡುಗೆಮನೆಯ ಸಿಂಕಿಗೆ ಮುಖ ಮಾಡಿ, ನಲ್ಲಿ ಬಿಟ್ಟು ಕೇಳುವುದನ್ನು ಕಲಿತೆ.

ಕಳೆದ ಚಳಿಗಾಲ ಆಸ್ಪತ್ರೆಯ ಆ ಕೋಣೆಯಲ್ಲಿ ಬೇರೆ ನರ್ಸ್ ಇದ್ದರು. ನಮ್ಮ ನರ್ಸಮ್ಮ ತೀರಿಕೊಂಡರಂತೆ. ಬಹಳ ದಿನದಿಂದ ಮೈಯಲ್ಲಿ ಹುಷಾರಿರಲಿಲ್ಲವಂತೆ, ಜೊತೆಯವರು ಕೇಳಿದಾಗೆಲ್ಲ "ಫೈನ್" ಅಂದಿದ್ದರಂತೆ. ಅವರಿಗೆ ಬೆನ್ನು ತಿರುಗಿಸಿ ನಿಂತು ಕೇಳುವವರು ಯಾರೂ ಇರಲಿಲ್ಲವೇನೋ. ಮೂಲೆಯ ಸಿಂಕು ಒಣಗಿತ್ತು. ಮಗಳು ಅದನ್ನೇ ನೋಡುತ್ತ ಕೂತಿದ್ದಳು.

ಸಂಜೆ ಸುದ್ದಿ ಕೇಳಿದ ಅತ್ತೆ ತಟ್ಟೆ ಸರಿಸಿದರು. "ನಂಗೆ ಬ್ಯಾಡ. ಹಸಿವಿಲ್ಲೆ."

ಮಗಳು ಎದ್ದಳು. ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ನಮ್ಮ ಕಡೆ ಬೆನ್ನು. ಕನ್ನಡ ಅರ್ಥವಾದರೂ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಜ್ಜಿಯ ಮಾತಿನಲ್ಲೇ ಕೇಳಿದಳು, "ಅಜ್ಜಿ, ಎಲ್ಲಿ ನೋವಾತ್ತ್?"

ಅತ್ತೆ ಆ ಬೆನ್ನನ್ನು ನೋಡಿದರು. ಸೆರಗು ಬಾಯಿಗೆ ಹಿಡಿದು, ಬಹಳ ಹೊತ್ತು ಅತ್ತು, ಎಲ್ಲಿ ಎಂದು ಹೇಳಿದರು.

ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡರು. ಈ ಸಲ ನಿಜ ಹೇಳಿದ್ದು ತಾವೇ ಆದರೂ, ಹರಕೆ ಹರಕೆಯೇ ಅಲ್ಲವೇ.