ಸಪ್ಪಳವಿಲ್ಲದ ರೊಟ್ಟಿ

ಒಲೆಯ ಮುಂದೆ ಕೂತವಳಿಗೆ ಸೆಕೆಯಾದರೆ ಅದರಲ್ಲೇನು ದೊಡ್ಡ ಸುದ್ದಿ ಎಂದು ಮೊದಮೊದಲು ನಾನೂ ಅಂದುಕೊಂಡಿದ್ದೆ. ಪುಣೆ ಪಕ್ಕದ ಚಿಂಚವಾಡದ ನಮ್ಮ ನೆಲಮಹಡಿಯ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಬಾಗಿಲಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಬೋರ್ಡು ಹಾಕಿದ್ದೇನೆ: ‘ಕೈಯಿಂದ ಬಡಿದ ರೊಟ್ಟಿ’. ಚಾಕಣದ ಕಾರ್ಖಾನೆಗಳಿಗೆ ಹೋಗುವ ನಮ್ಮ ಕಡೆಯ ಜನ ಮೊದಲ ಪಾಳಿಯ ಬಸ್ಸು ಹಿಡಿಯುವ ಮುಂಚೆ ಬಂದು ಕಟ್ಟಿಸಿಕೊಂಡು ಹೋಗುತ್ತಾರೆ. ಮಗಳ ಮದುವೆಯಾಗಿ ಮನೆ ಬಿಕೋ ಎನ್ನತೊಡಗಿದಾಗ ಶುರುಮಾಡಿದ ಕೆಲಸ ಇದು. ಅಲ್ಲಿಯವರೆಗೆ ಇವರ ಹೆಂಡತಿ, ಅವರ ಸೊಸೆ ಆಗಿದ್ದವಳು ಇಡೀ ಕಾಲೊನಿಗೆ ‘ರೊಟ್ಟಿ ಅಕ್ಕಾರು’ ಆದೆ. ಆ ಹೆಸರಿನ ಮೇಲೆ ನನಗೆ ಭಾರೀ ಜಂಬ, ಸುಳ್ಳು ಯಾಕೆ ಹೇಳಲಿ.

ನಲವತ್ತೇಳು ದಾಟಿದ ಮೇಲೆ ಈ ಕಾವು ಶುರುವಾಯಿತು. ಎದೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿಯವರೆಗೆ ಹತ್ತಿ ಉರಿಯುತ್ತಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ಫ್ರಿಜ್ಜಿನ ಬಾಗಿಲು ತೆಗೆದು ನಿಂತುಬಿಡುತ್ತಿದ್ದೆ, ಇತ್ತ ತವೆಯ ಮೇಲಿನ ರೊಟ್ಟಿ ಕರಕಲು. ರಾತ್ರಿ ನಿದ್ದೆಯಿಲ್ಲ. ಮುಟ್ಟು ಮನಸ್ಸಿಗೆ ಬಂದಾಗ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಒಬ್ಬ ಗಿರಾಕಿ ಪಾಪ, ಶೇಂಗಾ ಚಟ್ನಿ ಸ್ವಲ್ಪ ಜಾಸ್ತಿ ಹಾಕ್ರಿ ಎಂದದ್ದಕ್ಕೆ, “ಇದೇನ ನಿಮ್ಮ ಅವ್ವನ ಮನಿ ಅಂತ ತಿಳದೀರೇನು?” ಎಂದು ಎಗರಿಬಿದ್ದೆ. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಗಂಡನಿಗೆ ಹೇಳಿದೆ: “ದೀಪಾವಳಿಗೆ ಬೋರ್ಡ್ ಇಳಿಸಿಬಿಡೂಣ್ರಿ. ನನ್ನ ಕೈಲಿಂದ ಆಗೂದಿಲ್ಲ.” ಹೇಳಿದವಳೇ ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ನನ್ನ ಗಂಡ ಮಾತಿಗೆ ಬಲು ಜಿಪುಣ. ಬಚ್ಚಲಿನ ಬಾಗಿಲ ಹೊರಗೆ ನಿಂತು, “ಬೋರ್ಡ್ ಆಮ್ಯಾಲ ಇಳಸೂಣು. ಮೊದಲ ಡಾಕ್ಟರ್ ಕಡೆ ನಡಿ,” ಎಂದರು. ಅಷ್ಟೇ ಅಂದದ್ದು, ಆದರೆ ಮರುದಿನ ರಜೆ ಹಾಕಿ ಸ್ಕೂಟರ್ ತೆಗೆದರು.

ಡಾಕ್ಟರು ಮರಾಠಿ ಹೆಂಗಸು, ನನ್ನದೇ ವಯಸ್ಸಿನವರು. ರಕ್ತದೊತ್ತಡ ನೋಡಿದರು, ಎದೆ ಪರೀಕ್ಷೆ ಮಾಡಿದರು, ಮನೆತನದಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಕೆದಕಿ ಕೆದಕಿ ಕೇಳಿದರು. ಎಲ್ಲ ತಪಾಸಣೆಗಳ ವರದಿ ಬಂದ ಮೇಲೆ ತೊಡೆಗೆ ಹಚ್ಚಿಕೊಳ್ಳುವ ಹಾರ್ಮೋನಿನ ಜೆಲ್ಲು, ಜೊತೆಗೊಂದು ಗುಳಿಗೆ ಬರೆದುಕೊಟ್ಟರು. “ತೀನ್ ಮಹಿನೇ ದ್ಯಾ,” ಎಂದರು. ಮೂರು ತಿಂಗಳು ಕೊಡಿ, ಮೈಗೆ ರೂಢಿಯಾಗಲಿ. ಅಲ್ಲಿಯವರೆಗೆ ವಾಕರಿಕೆ, ತಲೆನೋವು, ಮೊಲೆಗಳ ನೋವು ಕಾಡಬಹುದು, ನಡುನಡುವೆ ರಕ್ತ ಕಂಡರೆ ಫೋನ್ ಮಾಡಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನಾನು ಎಲ್ಲದಕ್ಕೂ ಹೂಂ ಹೂಂ ಎಂದೆ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿತ್ತು.

ಮರೆತದ್ದರ ಫಲ ಮರುದಿನವೇ ಸಿಕ್ಕಿತು. ನಮ್ಮ ಮನೆಯಲ್ಲಿ ಯಾರ ಗುಳಿಗೆಯೇ ಇರಲಿ, ಅತ್ತೆಯ ಬಿಪಿಯದ್ದು, ಗಂಡನ ಸಕ್ಕರೆ ಕಾಯಿಲೆಯದ್ದು, ಎಲ್ಲ ಬೆಳಗಿನ ಚಹಾದ ಹೊತ್ತಿಗೇ. ನಾನೂ ನನ್ನದನ್ನು ಚಹಾದ ಜೊತೆ ನುಂಗಿ ಒಲೆಯ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ತವೆ ತೇಲತೊಡಗಿತು, ಕಣ್ಣು ಎಳೆಯತೊಡಗಿತು. ಗ್ಯಾಸು ಆರಿಸಿ ಹಿಟ್ಟಿನ ಪರಾತದ ಪಕ್ಕದಲ್ಲೇ ಉರುಳಿಕೊಂಡೆ. ಫೋನಿನಲ್ಲಿ ಡಾಕ್ಟರು ನಕ್ಕುಬಿಟ್ಟರು. ಆ ಹಾರ್ಮೋನಿನ ಗುಳಿಗೆ ನಿದ್ದೆ ಬರಿಸುತ್ತದೆ ತಾಯಿ, ಮಲಗುವಾಗ ತಗೊಳ್ಳಿ ಅಂತ ಹೇಳಿರಲಿಲ್ಲವೇ? ಅಂದಿನಿಂದ ಮಲಗುವ ಮುಂಚೆ ತೆಗೆದುಕೊಂಡೆ. ಅಬ್ಬಾ, ಎಷ್ಟು ತಿಂಗಳಾಗಿತ್ತೋ ಹಾಗೆ ಸತ್ತಂತೆ ಮಲಗಿ! ಎದ್ದವಳು ಆ ಗುಳಿಗೆ ಡಬ್ಬಿಗೆ ಕೈಮುಗಿದೆ, ನಿಜವಾಗಿಯೂ ಮುಗಿದೆ.

ಇದ್ಯಾವುದೂ ಅತ್ತೆಗೆ ಗೊತ್ತಿರಲಿಲ್ಲ. ಅವರು ಕಲಬುರಗಿ ಕಡೆಯ ಹಳ್ಳಿಯವರು. ಕಣ್ಣು ಮಂಜಾಗಿದೆ, ಕಿವಿಗೆ ಮಾತ್ರ ಪಾತಾಳದ ಸದ್ದೂ ಕೇಳಿಸುತ್ತದೆ. ಬೆಳಗಾವಿಯ ಗುಮಾಸ್ತರ ಮಗಳಾದ ನಾನು ರೊಟ್ಟಿ ಬಡಿಯಲು ಬಾರದೆ ಈ ಮನೆಗೆ ಬಂದಾಗ ಹೊರಗಿನ ಕೋಣೆಯಲ್ಲಿ ಕೂತು, ಬರೀ ಸಪ್ಪಳ ಕೇಳಿ ನನಗೆ ಕಲಿಸಿದವರು. “ದಪ್ಪ ಆತು.” “ಅಂಚಿಗಿ ಬಡಿ, ನಡಕ ಸಾಕು.” ನೋಡದೆಯೇ ಹೇಳುತ್ತಿದ್ದರು, ಒಮ್ಮೆಯೂ ತಪ್ಪಲಿಲ್ಲ. ನನ್ನ ಕಾವಿನ ಬಗ್ಗೆ ಮಾತ್ರ ಅವರದು ಒಂದೇ ಮಾತು: “ಎಲ್ಲಾರಿಗೂ ಆಗ್ತದ. ನಿಂದೇನ ವಿಶೇಷ?” ಔಷಧಿ ಎಂದರೆ ರಾಮಾಯಣವಾದೀತೆಂದು ಬಾಯಿ ಬಿಡಲಿಲ್ಲ.

ನಿದ್ದೆ ಬಂತು, ಕಾವೂ ತಗ್ಗತೊಡಗಿತು. ಇನ್ನೇನು ಗೆದ್ದೆ ಎನ್ನುವಾಗ ಮೊಲೆಗಳಲ್ಲಿ ನೋವು ಶುರುವಾಯಿತು. ಬಾವು ಬಂದಂತೆ ಬಿಗಿದು, ರವಿಕೆ ತಾಗಿದರೂ ಹಾ ಎನ್ನುವ ಹಾಗೆ. ರೊಟ್ಟಿ ಬಡಿದವರಿಗೆ ಗೊತ್ತು, ಬಡಿಯುವುದು ಕೈ ಆದರೂ ಅದುರುವುದು ಇಡೀ ಮೈ. ಒಂದೊಂದು ಪೆಟ್ಟಿಗೂ ಕಣ್ಣಲ್ಲಿ ನೀರು. ಬಿಗಿ ರವಿಕೆ ತೊಟ್ಟೆ, ಮೊಣಕೈ ಅಲುಗಿಸದೆ ಬರೀ ಮಣಿಕಟ್ಟಿನಿಂದ ಬಡಿದೆ, ಯಾವುದೂ ಆಗಲಿಲ್ಲ. ಔಷಧಿ ಬಿಟ್ಟರೆ ಕಾವು ಬಂದು ಕೆಲಸ ಹೋಗುತ್ತದೆ, ಇಟ್ಟುಕೊಂಡರೆ ನೋವಿಗೆ ಕೆಲಸ ಹೋಗುತ್ತದೆ. ದೀಪಾವಳಿ ಬೇರೆ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಸದ್ದಿಲ್ಲದೆ ಲಟ್ಟಣಿಗೆ ತೆಗೆದೆ. ಚಪಾತಿಯಂತೆ ಲಟ್ಟಿಸಿದ ಜೋಳದ ರೊಟ್ಟಿ! ಬಾಗಿಲಲ್ಲಿ ಆ ಬೋರ್ಡು, ಒಳಗೆ ಈ ಕೆಲಸ. ಮೊದಲ ಗಿರಾಕಿ ಪೊಟ್ಟಣ ಬಿಚ್ಚಿ ನೋಡಿ, “ಅಕ್ಕಾರ, ಇವತ್ತ ರೊಟ್ಟಿ ಭಾಳ ದುಂಡಗ ಬಂದಾವಲ್ರಿ?” ಎಂದ. ಹೊಗಳಿಕೆ ಅಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊರಗಿನ ಕೋಣೆಯಿಂದ ಅತ್ತೆ ಕೂಗಿದರು. “ಏ, ಇನ್ನಾ ಒಲಿ ಹಚ್ಚಿಲ್ಲೇನು?”

“ಹಚ್ಚೀನ್ರಿ.”

“ಮತ್ತ ಸಪ್ಪಳ?”

ನಾನು ಲಟ್ಟಿಸುತ್ತಲೇ ಇದ್ದೆ. ಅತ್ತೆ ಗೋಡೆ ಹಿಡಿದು ಹಿಡಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಗ್ಗಿ ತಡವಿದ ಕೈಗೆ ಲಟ್ಟಣಿಗೆ ಸಿಕ್ಕಿತು. ಅವರು ಬಾಯಿ ತೆರೆಯುವ ಮುಂಚೆಯೇ ನಾನು ಸಿಡಿದೆ. “ಎದಿ ನೋಯ್ಲಿಕತ್ತಾವ್ರಿ! ಹಾರ್ಮೋನಿನ ಔಷಧ ತಗೊಳ್ಳಿಕತ್ತೀನಿ, ಅದರ ಸಲುವಾಗಿ! ಬೈಯೂದಿದ್ರ ಒಮ್ಮಿಗೇ ಬೈದುಬಿಡ್ರಿ. ಇವತ್ತೇ ಬೋರ್ಡ್ ಇಳಿಸ್ತೀನಿ!”

ಅತ್ತೆ ಬೈಯಲಿಲ್ಲ. ಉಸ್ಸೆಂದು ನೆಲಕ್ಕೆ ಕೂತು ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. “ಸರಕೊ ಅತ್ತಾಗ. ನೀ ಬೇಯಿಸು, ನಾ ಬಡೀತೀನಿ.”

ಎಪ್ಪತ್ತು ದಾಟಿದ ಕೈ. ನಿಧಾನ ತಪ್ ತಪ್ ಸಪ್ಪಳ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಹಿಟ್ಟು ಹಿಡಿಯುತ್ತ, ನನ್ನ ಮುಖ ನೋಡದೆ ಹೇಳಿದರು. “ನಂಗೂ ಹಿಂಗೇ ಆಗಿತ್ತು. ಉಣ್ಣಕ ಕುಂತ ನಮ್ಮ ಮಾವನ ಮುಂದ ತಾಟು ಒಗದಿದ್ದೆ. ದೆವ್ವ ಬಡದದ ಅಂದ್ರು ಎಲ್ಲಾರೂ. ತಾಯತ ಕಟ್ಟಿಸಿದ್ರು.”

ಇಷ್ಟು ವರ್ಷ ಜೊತೆಗಿದ್ದೂ ನಾನು ಈ ಮಾತು ಕೇಳಿರಲಿಲ್ಲ. “ಕಡಿಮಿ ಆತೇನ್ರಿ?” ಎಂದೆ.

“ಎಲ್ಲೀ ಕಡಿಮಿ! ತೋಳು ತುರಿಸಿ ತುರಿಸಿ ಹುಣ್ಣಾತು. ಆದ್ರೂ ಬಿಚ್ಚಲಿಲ್ಲ ನಾ. ಬಿಚ್ಚಿದ್ರ ಹುಚ್ಚಿ ಅಂತಿದ್ರು.” ರೊಟ್ಟಿಯನ್ನು ನನ್ನ ಕೈಗೆ ಕೊಟ್ಟರು. “ಏನರೆ ಆಗ್ತದೇನು ಅಂತ ನನ್ನ ಯಾರೂ ಕೇಳಲಿಲ್ಲ. ನಾನೂ ನಿನ್ನ ಕೇಳಲಿಲ್ಲ ನೋಡು. ನಿನ್ನ ಡಾಕ್ಟರಗ ಫೋನ್ ಹಚ್ಚು. ಎದಿ ನೋಯ್ತಾವ ಅಂತ ಹೇಳು, ನಾಚಿಕಿ ಯಾಕ?”

ತವೆಯ ಮೇಲಿನ ರೊಟ್ಟಿ ಹೊತ್ತಿಹೋಯಿತು. ಅವತ್ತು ಕಾವಿನಿಂದಲ್ಲ, ಕಣ್ಣು ತುಂಬಿ ತವೆ ಕಾಣಿಸಲಿಲ್ಲ ಅಷ್ಟೇ.

ಡಾಕ್ಟರು ಕರೆಸಿ ಮತ್ತೆ ಪರೀಕ್ಷಿಸಿದರು, ಹೆದರಬೇಡಿ ಎಂದು ಜೆಲ್ಲಿನ ಪ್ರಮಾಣ ಕಡಿಮೆ ಮಾಡಿದರು. ಅಲ್ಲಿಂದ ಮುಂದಿನ ವಾರಗಳಲ್ಲಿ ರೊಟ್ಟಿ ಬಡಿದವರು ಅತ್ತೆ. ಅವರ ಕೈ ಸೋತಾಗ ನಾನು ಲಟ್ಟಿಸುತ್ತಿದ್ದೆ. ಗಂಡ ಬೋರ್ಡಿನ ಕೆಳಗೆ ಸುಣ್ಣದಕಡ್ಡಿಯಿಂದ ‘ಸದ್ಯಕ್ಕೆ ಕೆಲವು ಲಟ್ಟಿಸಿದವು’ ಎಂದು ಬರೆದರು. ಜನ ಓದಿ ನಕ್ಕರು, ಕಟ್ಟಿಸಿಕೊಂಡು ಹೋದರು. ನಡುವೆ ಒಮ್ಮೆ ಅಕಾಲದಲ್ಲಿ ರಕ್ತ ಕಂಡಿತು. ಡಾಕ್ಟರಿಗೆ ತಿಳಿಸಿ, ಮನೆಯ ಪದ್ಧತಿಯಂತೆ ಒಲೆ ಬಿಟ್ಟು ದೂರ ಕೂರಲು ಎದ್ದೆ. ಅತ್ತೆ ತಡೆದರು: “ಗುಳಿಗಿ ತಂದ ಮುಟ್ಟಿಗೆ ನಮ್ಮ ಮನ್ಯಾಗ ಮಡಿ-ಮೈಲಿಗಿ ಇಲ್ಲ. ಕುಂಡ್ರು.” ಈ ಶಾಸ್ತ್ರ ಯಾವಾಗ ಹುಟ್ಟಿತೆಂದು ನಾನು ಕೇಳಲಿಲ್ಲ.

ನೋವು ಒಂದೇ ಸಲ ಹೋಗಲಿಲ್ಲ. ಇವತ್ತು ಕಡಿಮೆ, ನಾಳೆ ಜಾಸ್ತಿ, ಹೀಗೇ ಸತಾಯಿಸಿತು. ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ಅತ್ತೆ ಏಳುವ ಮೊದಲೇ ಕೂತು, ಹೆದರುತ್ತ ಒಂದು ಪೆಟ್ಟು ಹಾಕಿದೆ. ನೋಯಲಿಲ್ಲ. ಇನ್ನೊಂದು ಹಾಕಿದೆ. ಆಮೇಲೆ ಕೈ ತಾನಾಗಿ ಓಡಿತು. ಆ ಬೆಳಗಿನ ರೊಟ್ಟಿಯನ್ನೆಲ್ಲ ನಾನೊಬ್ಬಳೇ ಬಡಿದು ಮುಗಿಸಿದೆ. ಶಭಾಷ್ ಅನ್ನಿಸಿಕೊಳ್ಳಬೇಕೆಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಅತ್ತೆ ಗಾಢ ನಿದ್ದೆಯಲ್ಲಿದ್ದರು.

ಗಂಡ ಬೂಟು ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದರು: “ಎಬ್ಬಿಸಬ್ಯಾಡ. ನೀ ಲಟ್ಟಣಿಗಿ ಹಿಡದಾಗಿಂದ ಅವ್ವ ನಸುಕಿನ್ಯಾಗ ಎದ್ದು ಕಿವಿ ಕೊಟ್ಟು ಕುಂಡ್ರತಿದ್ಲು, ಇವತ್ತರೆ ನೀ ಬಡೀತೀಯೇನಂತ. ಸಪ್ಪಳ ಇಲ್ಲಂದ್ರ ತಾನ ಒಳಗ ಬರತಿದ್ಲು. ಇವತ್ತ ನಿನ್ನ ಸಪ್ಪಳ ಕೇಳಿ ಮತ್ತ ಮಲಗ್ಯಾಳ.”

ಅಷ್ಟರಲ್ಲಿ ಅತ್ತೆ ಹೊರಳಿ, ಕಣ್ಣು ತೆರೆಯದೆಯೇ ಕೇಳಿದರು.

“ಯಾಕ ನಿಲ್ಲಿಸಿದಿ?”

ಕೊಡಬೇಕಾದ ರೊಟ್ಟಿ ಒಂದೂ ಬಾಕಿ ಇರಲಿಲ್ಲ. ಒಳಗೆ ಹೋಗಿ ಇನ್ನಷ್ಟು ಹಿಟ್ಟು ಕಲಸಿ, ಬಡಿಯಲು ಕೂತೆ.