ಕಳಸದ ಫೈಲುಗಳು ಬರುವ ಹೊತ್ತು

ಕಳಸದ ಆಫೀಸಿನ ಹುಡುಗಿ ಫೋನ್ ಎತ್ತಿದ ಕೂಡಲೇ ಹಲೋ ಅನ್ನುತ್ತಿರಲಿಲ್ಲ. "ಇವತ್ತು ಯಾರು?" ಅನ್ನುತ್ತಿದ್ದಳು.

ಅದಕ್ಕೆ ಕಾರಣ ನಾನೇ. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲೊಂದು ಸರ್ವರ್, ಕಳಸದ ಶಾಖೆಯಲ್ಲೊಂದು. ಬೆಳೆಗಾರರು ಅಲ್ಲಿಗೆ ತಂದು ಹಾಕಿದ ಕಾಫಿಯ ತೂಕ, ತೇವ, ದರ ಎಲ್ಲವನ್ನೂ ಅವಳು ಟೈಪ್ ಮಾಡುತ್ತಿದ್ದಳು. ಸಂಜೆ ಆ ಫೈಲುಗಳು ಇಲ್ಲಿಗೆ ಬರಬೇಕು, ಇಲ್ಲಿ ಬದಲಾದವು ಅಲ್ಲಿಗೆ ಹೋಗಬೇಕು. ಮರುದಿನ ಬೆಳಿಗ್ಗೆ ಎರಡೂ ಕಡೆ ಒಂದೇ ಇರಬೇಕು. ಕಳಸದಲ್ಲಿದ್ದದ್ದು ಒಂದೇ ಫೋನ್ ಲೈನು. ಹಾಗಾಗಿ ಮೊದಲು ನಾನು ಫೋನ್ ಮಾಡಿ ಹೇಳಬೇಕು, ಅವಳು ಫೋನಿನ ವೈರ್ ಕಿತ್ತು ಮೋಡೆಮ್ಮಿಗೆ ಚುಚ್ಚಬೇಕು. ಆಮೇಲೆ ಯಂತ್ರಗಳು ಮಾತಾಡುತ್ತವೆ, ಮನುಷ್ಯರು ಬಾಯಿ ಮುಚ್ಚಿಕೊಂಡಿರಬೇಕು.

"ವೈರ್ ಹಾಕಿ" ಎಂಬಷ್ಟು ಮಾತಿಗೆ ನಾನು ಇಡೀ ನಾಟಕ ಕಂಪನಿಯನ್ನೇ ಕರೆತರುತ್ತಿದ್ದೆ. ಒಂದು ದಿನ ನಮ್ಮ ಮ್ಯಾನೇಜರು. ಪ್ರತಿ ಮಾತಿಗೂ ಮೊದಲು ಗಂಟಲು ಕೆರೆದು, ಮೂಗಿನಲ್ಲಿ, "ಹ್ಞಂ... ನೋಡಮ್ಮ, ವೈರು." ಇನ್ನೊಂದು ದಿನ ಕಳಸದ ಬಸ್ಸಿನ ಕಂಡಕ್ಟರು. ಮತ್ತೊಂದು ದಿನ ಮಲ್ಲಂದೂರಿನ ಕಡೆಯ ಒಬ್ಬ ಎಸ್ಟೇಟ್ ಮಾಲೀಕರು. ಅವರು ನಾಯಿಯ ಹತ್ತಿರ ಇಂಗ್ಲಿಷಿನಲ್ಲೂ ನಮ್ಮ ಹತ್ತಿರ ಗೊಣಗಿನಲ್ಲೂ ಮಾತಾಡುವವರು. ಕೊನೆಗೆ ಮೋಡೆಮ್ಮಿನ ಕಿರುಚಾಟವನ್ನೂ ಬಾಯಲ್ಲೇ ಮಾಡಿ ಫೋನ್ ಇಡುತ್ತಿದ್ದೆ. ಅವಳ ನಗು ಅರ್ಧಕ್ಕೇ ತುಂಡಾಗುತ್ತಿತ್ತು. ಉಳಿದರ್ಧ ಹೇಗಿರಬಹುದು ಎಂದು ಯೋಚಿಸುತ್ತ ನಾನು ನಿಜವಾದ ಮೋಡೆಮ್ಮಿನ ಮುಂದೆ ಕೂರುತ್ತಿದ್ದೆ.

ನನ್ನ ಸ್ವಂತ ದನಿಯಲ್ಲಿ ಅವಳ ಹತ್ತಿರ ಒಂದು ಮಾತೂ ಆಡಿಲ್ಲ ಎಂಬುದು ಆಗ ಹೊಳೆದಿರಲಿಲ್ಲ. ಆ ದನಿಯನ್ನು ಕೇಳಿ ಯಾರೂ ನಕ್ಕದ್ದಿಲ್ಲ. ನನಗೂ ಅದರ ಮೇಲೆ ಅಂಥ ಗೌರವವಿರಲಿಲ್ಲ.

ಒಂದು ಬೇಸಿಗೆ, ಮಳೆ ಹಿಡಿಯುವ ಮೊದಲು, ಕಳಸದ ಆಫೀಸಿನ ಮಾಡಿನ ಮೇಲೆ ಉಪಗ್ರಹದ ಡಿಷ್ ಕೂರಿಸುವುದೆಂದಾಯಿತು. ಡಿಷ್ ಬಂದರೆ ಫೈಲುಗಳು ದಿನವಿಡೀ ತಾವಾಗಿಯೇ ಓಡಾಡುತ್ತವೆ, ಯಾರೂ ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಜೋಡಿಸಲು ನನ್ನನ್ನೇ ಕಳಿಸಿದರು. ಅವಳನ್ನು ನೋಡುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಇಸ್ತ್ರಿ ಅಂಗಿ ಹಾಕಿದ್ದೆ. ಆಫೀಸಿನ ಜೀಪು ಓಡಿಸುತ್ತಿದ್ದ ಮೂಡಿಗೆರೆಯ ಸಾಬರು ರಸ್ತೆಗಿಂತ ಹೆಚ್ಚಾಗಿ ಆ ಅಂಗಿಯನ್ನೇ ನೋಡಿದರು.

"ಡಿಷ್ ಕೂರ್ಸೋಕೆ ಹೋಗ್ತಿದೀಯೋ, ಹೆಣ್ಣು ನೋಡೋಕೋ ಮಾರಾಯ?"

ಅವಳು ಜಗಲಿಯಲ್ಲೇ ನಿಂತಿದ್ದಳು. ನಾನಂದುಕೊಂಡದ್ದಕ್ಕಿಂತ ಎತ್ತರ. ನಾನೋ, ನಾನಂದುಕೊಂಡದ್ದಕ್ಕಿಂತ ಗಿಡ್ಡ. ಅವಳು ನನ್ನನ್ನು ದಾಟಿ ಜೀಪಿನೊಳಗೆ ಇಣುಕಿದಳು.

"ಅವ್ರು ಬರ್ಲಿಲ್ವಾ?"

"ಯಾರು?"

"ದಿನಾ ಫೋನ್ ಮಾಡ್ತಾರಲ್ಲ. ಅವ್ರೇ ಬರ್ತಾರೆ ಅಂದ್ಕೊಂಡಿದ್ದೆ."

ಒಮ್ಮೆ ಗಂಟಲು ಕೆರೆದಿದ್ದರೆ ಸಾಕಿತ್ತು. ಊರಿನವರನ್ನೆಲ್ಲ ಅಣಕಿಸುವ ಬಾಯಿ ಅಲ್ಲಿ ಒಣಗಿಹೋಯಿತು. ಅವಳು ಕಾಯುತ್ತಿದ್ದವನು ಮ್ಯಾನೇಜರು, ಕಂಡಕ್ಟರು, ಮಾಲೀಕರು ಎಲ್ಲ ಸೇರಿದ ಒಬ್ಬ ದೊಡ್ಡ ಮನುಷ್ಯ. ಅವನ ಜಾಗದಲ್ಲಿ ಬೆವರಿ ಮುದುಡಿದ ಅಂಗಿಯ ನಾನು.

"ಅವ್ರಿಗೆ ಬೇರೆ ಕೆಲ್ಸ ಬಂತು," ಅಂದೆ.

ಡಿಷ್ ಕೂರಿಸಿ, ಅದರ ಪೆಟ್ಟಿಗೆಯನ್ನು ಅವಳ ಮೇಜಿನ ಮೇಲೆ, ಕಣ್ಣೆದುರಿಗೇ ಇಟ್ಟೆ. "ಈ ಹಸಿರು ದೀಪ ಉರೀತಿದ್ರೆ ಫೈಲ್ ಬಂದು ಹೋಗಿ ಮಾಡ್ತಿದೆ ಅಂತ. ಆರಿದ್ರೆ ಇಲ್ಲ." ಅವಳು ಸರಿ ಅಂದಳು. ಅಷ್ಟೇ ಮಾತು. ಹೊರಡುವಾಗ ಬಾಳೆ ಎಲೆಯ ಒಂದು ಕಟ್ಟು ಕೊಟ್ಟಳು. "ಹಲಸಿನ ಹಣ್ಣಿನ ಕಡುಬು. ಅವ್ರಿಗೆ ಕೊಟ್ಬಿಡಿ."

ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ ನಾನೂ ಸಾಬರೂ ಅದನ್ನು ತಿಂದೆವು.

"ನಾನೇ ಅವ್ನು ಅನ್ನೋಕೆ ಏನಾಗಿತ್ತು ನಿಂಗೆ?"

"ಬಾಯಿ ಬರ್ಲಿಲ್ಲ."

"ನಿಂಗೆ? ಬಾಯಿ?" ಸಾಬರು ಕಡುಬು ಬಾಯಲ್ಲಿಟ್ಟುಕೊಂಡೇ ನಕ್ಕರು. ಆಮೇಲೆ ನನ್ನ ಮುಖ ನೋಡಿ ಇನ್ನೊಂದು ಕಡುಬನ್ನು ನನ್ನ ಕಡೆಗೇ ತಳ್ಳಿದರು.

ಡಿಷ್ ಚೆನ್ನಾಗಿಯೇ ಕೆಲಸ ಮಾಡಿತು. ಸಂಜೆಯ ಫೋನು ನಿಂತಿತು. ನಾನು ಸುಮ್ಮನೆ ಪರದೆ ನೋಡುತ್ತಿದ್ದೆ. ಕಳಸದ ಫೈಲಿನ ಪಕ್ಕದ ಸಮಯ ಬದಲಾದರೆ ಅವಳು ಕುರ್ಚಿಯಲ್ಲಿದ್ದಾಳೆ. ಬದಲಾಗದಿದ್ದರೆ ಊಟಕ್ಕೆ ಹೋಗಿದ್ದಾಳೆ. ಒಂದು ತೂಕ ಬರೆದು, ಅಳಿಸಿ, ಮತ್ತೆ ಬರೆದರೆ ಎದುರಿಗೆ ಯಾರೋ ತಕರಾರಿನ ಬೆಳೆಗಾರರು ನಿಂತಿದ್ದಾರೆ. ಅಷ್ಟೆಲ್ಲ ತಿಳಿಯುತ್ತಿತ್ತು, ದನಿಯೊಂದು ಬಿಟ್ಟು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಕಳಸದ ಮೇಲೆ ಮೋಡ ಹೇಗೆ ಕವಿಯಿತೆಂದರೆ ಅಲ್ಲಿನ ಡಿಷ್ ಕುರುಡಾಯಿತು, ಫೈಲುಗಳು ನಿಂತವು. ಮ್ಯಾನೇಜರು ಗಂಟಲು ಕೆರೆಯತೊಡಗಿದರು. ಫೋನ್ ಲೈನ್ ಮಾತ್ರ ಹೇಗೋ ಉಳಿದಿತ್ತು. ನನ್ನ ದನಿಯಲ್ಲೇ ಮಾತಾಡುವುದೆಂದು ಗಟ್ಟಿಮಾಡಿಕೊಂಡು ನಂಬರ್ ಒತ್ತಿದೆ.

"ಹಲೋ. ಅಲ್ಲಿ ಹಸಿರು ದೀಪ ಆರಿದೆಯಾ?"

"ಡಿಷ್ ಕೂರ್ಸೋಕೆ ಬಂದಿದ್ರಲ್ಲ, ಅವ್ರಲ್ವಾ? ಹೂಂ, ಆರಿದೆ." ಮತ್ತೆ ಮೆಲ್ಲಗೆ, "ಅವ್ರು ಇದಾರಾ ಅಲ್ಲಿ?"

"ಇದಾರೆ. ಕೊಡ್ತೀನಿ," ಅಂದೆ. ರಿಸೀವರನ್ನು ಅಂಗೈಯಿಂದ ಮುಚ್ಚಿ, ಒಬ್ಬ ಮನುಷ್ಯ ಎದ್ದು ಬರುವಷ್ಟು ಹೊತ್ತು ಕಾದೆ. ಆಮೇಲೆ ಗಂಟಲು ಕೆರೆದೆ. "ಹ್ಞಂ... ಏನಮ್ಮ?"

ಅವಳ ನಗು ಈ ಸಲ ಪೂರ್ತಿ ಬಂತು. "ಎಲ್ಲಿ ಹೋಗಿದ್ರಿ ಮಾರಾಯ್ರೆ ಇಷ್ಟು ದಿನ? ನಿಮ್ಮಲ್ಲಿಂದ ಒಬ್ರು ಬಂದಿದ್ರು, ಮಾತೇ ಆಡಲ್ಲ ಅವ್ರು."

"ಹ್ಞಂ... ಒಳ್ಳೆ ಹುಡುಗ ಅವ್ನು. ಸ್ವಲ್ಪ ಸಂಕೋಚ."

"ಇರ್ಬೋದು," ಅಂದಳು, ನಂಬದವಳಂತೆ.

ನನ್ನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಕಂಡಕ್ಟರು ಬಂದರು, ಮಾಲೀಕರು ಬಂದರು. ಅಷ್ಟರಲ್ಲಿ ಕಳಸದ ಮೋಡ ಹರಿದಿರಬೇಕು, ನನ್ನ ಪರದೆ ಅಲುಗಾಡಿತು. ಅವಳ ಫೈಲೊಂದು ಬಂದು ಇಳಿಯಿತು. ಹಿಂದೆಯೇ ಇನ್ನೊಂದು. ಅವಳ ಮೇಜಿನ ಮೇಲಿನ ದೀಪ ಉರಿಯದೆ ಒಂದು ಫೈಲೂ ಇಲ್ಲಿಗೆ ಬರುವ ಹಾಗಿಲ್ಲ. ಮುಗಿಯಿತು, ಈಗ ಫೋನ್ ಇಡುತ್ತಾಳೆ ಅಂದುಕೊಂಡೆ.

"ಹ್ಞಂ... ದೀಪ ಬಂತಾ?" ಅಂದೆ.

"ಇಲ್ಲ," ಅಂದಳು. "ಇನ್ನೂ ಇಲ್ಲ. ನಿಮ್ಗೇನಾದ್ರೂ ಬಂತಾ?"

ಕಳಸದ ಫೈಲುಗಳು ಒಂದರ ಹಿಂದೊಂದು ಇಳಿಯುತ್ತಲೇ ಇದ್ದವು.

"ಇಲ್ಲೂ ಏನೂ ಬಂದಿಲ್ಲ," ಅಂದೆ. ಗಂಟಲು ಕೆರೆಯುವುದನ್ನು ಮರೆತು ನನ್ನದೇ ದನಿಯಲ್ಲಿ ಹೇಳಿಬಿಟ್ಟಿದ್ದೆ. ಅವಳು ಫೋನ್ ಇಡಲಿಲ್ಲ.