ಟೈಲರ್ ಆಂಟಿ ನೋಡಿದ ಸಿನಿಮಾಗಳು

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರ್ನಾಡಿನ ಟೈಲರ್ ಆಂಟಿ ನೆನಪಾದರು.

ಆಗ ನಾನು ಪಿಯುಸಿ. ಕಾಲೇಜು ಬಿಟ್ಟ ಮೇಲೆ ಬಸ್ಸು ಬರುವ ತನಕ ಅವರ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಮಾತೆಲ್ಲ ಸಿನಿಮಾದ್ದೇ. ಮುಂದೆ ಯಾವುದು ಬರುತ್ತದೆ, ಹೀರೋಯಿನ್ ಯಾರು, ಟ್ರೇಲರ್ ಯಾವಾಗ... ಆಂಟಿಗೂ ನನ್ನಷ್ಟೇ ಹುಚ್ಚು. ಆದರೆ ಕಾದಂಬರಿಯಿಂದ ಮಾಡಿದ ಸಿನಿಮಾ ಆದರೆ ಮೊದಲು ಪುಸ್ತಕ ಓದಿರಲೇಬೇಕು. "ಓದದೆ ಹೋದ್ರೆ ಅವರು ಎಂತದು ಕತ್ತರಿಸಿದ್ದಾರೆ ಅಂತ ನಿಂಗೆ ಹೇಗೆ ಗೊತ್ತಾಗುದು?" ಎನ್ನುತ್ತಿದ್ದರು.

ಆ ವರ್ಷ ಅವರ ಮೆಚ್ಚಿನ ಕಾದಂಬರಿಯೇ ಸಿನಿಮಾ ಆಗುತ್ತದೆಂದು ಸುದ್ದಿ ಬಂತು. ದೋಣಿ ನಡೆಸುವ ಹೆಂಗಸೊಬ್ಬಳ ಕಥೆ. ಆರಿಸಿದ ನಟಿಯ ಫೋಟೋ ನೋಡಿ ಆಂಟಿ ಮುಖ ಸಿಂಡರಿಸಿದರು. "ಈ ಮೆತ್ತನೆ ಕೈಯಲ್ಲಿ ದೋಣಿ ನಡೀತದಾ?" ವಾರಗಟ್ಟಲೆ ಜಗಳವಾಡಿದೆವು.

ಅಷ್ಟರಲ್ಲಿ ಅವರ ಹೊಲಿಗೆ ಓರೆಯಾಗತೊಡಗಿತು. ಒಮ್ಮೆ ನನ್ನ ಚೂಡಿದಾರಕ್ಕೆ ತೋಳು ಉಲ್ಟಾ ಜೋಡಿಸಿಬಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ.

"ಕಣ್ಣು ಹೋಗ್ತಾ ಉಂಟು ಮಗಳೇ. ಇದಕ್ಕೆ ಮದ್ದಿಲ್ಲ ಅಂತ ಹೇಳಿದ್ರು ಡಾಕ್ಟ್ರು."

ಸಿನಿಮಾ ತೆರೆಗೆ ಬರುವಾಗ ಅವರಿಗೆ ಬೆಳಕು ಮಾತ್ರ ತಿಳಿಯುತ್ತಿತ್ತು. ನಾನು ಸಿನಿಮಾದ ಮಾತೇ ಎತ್ತಲಿಲ್ಲ. ಅವರೇ ರೇಗಿದರು. "ಹೋಗಿದ್ದು ಕಣ್ಣು, ಕಿವಿ ಅಲ್ಲ. ನೀನು ಹೇಳು, ನಾನು ನೋಡ್ತೇನೆ."

ಮೈಸೂರಿನ ಥಿಯೇಟರಿಗೆ ಕರೆದುಕೊಂಡು ಹೋದೆ. ಕ್ಲಾಸಿನಲ್ಲಿ ಎದ್ದು ಒಂದು ಉತ್ತರ ಹೇಳಲೂ ನಡುಗುವವಳು ನಾನು. "ಈಗ ಅವಳು ಬಂದಳು" ಎಂದು ಪಿಸುಗುಟ್ಟಿದೆ.

"ಹೇಗೆ ಬಂದಳು? ನಡ್ಕೊಂಡಾ, ಓಡ್ಕೊಂಡಾ?"

ಆಗಲೇ ನಾನು ಸರಿಯಾಗಿ ನೋಡತೊಡಗಿದ್ದು. ಒದ್ದೆ ಸೆರಗು, ದೋಣಿಯ ಬಿರುಕು, ಆ ನಟಿಯ ಕೈಯ ಬೊಬ್ಬೆ... ಎಲ್ಲವನ್ನೂ ಹೇಳಿದೆ. ಮುಂದಿನ ಸಾಲಿನವರು ಸಿಡುಕಿ ತಿರುಗಿದರು. "ನಂಗೆ ಕಣ್ಣು ಕಾಣುದಿಲ್ಲ, ಇವಳು ತೋರಿಸ್ತಾ ಇದ್ದಾಳೆ" ಎಂದರು ಆಂಟಿ. ಮುಂದಿನವರು ಮತ್ತೆ ತಿರುಗಲಿಲ್ಲ.

ಕೊನೆಯ ದೃಶ್ಯದಲ್ಲಿ ಮಾತಿರಲಿಲ್ಲ. ಪುಸ್ತಕದಲ್ಲಿ ಅವಳು ಒಬ್ಬಳೇ ದೋಣಿ ಏರಿ ಹೊರಟುಬಿಡುತ್ತಾಳೆ. ಆಂಟಿಗೆ ಪ್ರಾಣವಾದ ಭಾಗ ಅದು. ತೆರೆಯ ಮೇಲೆ ಮಾತ್ರ ಅವಳು ದಡದಲ್ಲೇ ಕುಸಿದು ಕೂತಳು. ನನಗೆ ಹೇಳಲು ಮನಸ್ಸಾಗಲಿಲ್ಲ. "ಹೊರಟಳು ಆಂಟಿ, ದೋಣಿ ದೂರ ಹೋಯ್ತು" ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆಂಟಿ, "ನೀರಿನ ಸದ್ದೇ ಕೇಳ್ಲಿಲ್ಲ. ಅವಳು ಹೋಗ್ಲಿಲ್ಲ ಅಲ್ವಾ?" ಎಂದರು.

ನನಗೆ ಅಳು ಬಂತು. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. "ಇದ್ದದ್ದನ್ನ ಇದ್ದ ಹಾಗೆ ಹೇಳು ಮಗಳೇ. ಜಗಳ ಆಮೇಲೆ ನಾನು ಮಾಡ್ತೇನೆ."

ಮಾಡಿಯೇ ಮಾಡಿದರು! ಮೂರ್ನಾಡು ಬರುವ ತನಕ ಆ ನಿರ್ದೇಶಕನನ್ನು ಬೈದರು. ನಾನು ಅವನ ಪರ ವಾದಿಸಿದೆ, ಇಡೀ ಬಸ್ಸಿಗೆ ಕೇಳುವಷ್ಟು ಗಟ್ಟಿಯಾಗಿ.

ಆಮೇಲೂ ಎಷ್ಟೋ ಸಿನಿಮಾಗಳನ್ನು ಅವರಿಗೆ ಹೇಳಿದೆ. ಮದುವೆಯಾಗಿ ಬಂದ ಮೇಲೆ ಅದು ನಿಂತುಹೋಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ. ಮನೆಗೆ ಹೋದಾಗ ಅವರ ಸೊಸೆ ಕಾಫಿ ಕೊಡುತ್ತಾ ಹೇಳಿದಳು: "ಅತ್ತೆ ಬಂದವರಿಗೆಲ್ಲ ಹೇಳ್ತಾ ಇದ್ರು, ಕಣ್ಣು ಹೋದ ಮೇಲೆ ನಾನು ಹನ್ನೊಂದು ಸಿನಿಮಾ ನೋಡಿದೆ ಅಂತ."

ನಾನು ಬರೀ 'ಹೇಳಿದೆ' ಅಂದುಕೊಂಡಿದ್ದನ್ನು ಅವರು 'ನೋಡಿದೆ' ಎಂದಿದ್ದರು... ನೋಡುವುದನ್ನು ನಾನೂ ಕಲಿತದ್ದು ಆಗಲೇ ಎಂದು ಹೇಳೋಣವೆಂದರೆ ಈಗ ಅವರಿಲ್ಲ.